ದುರ್ಗದ ನೆಲಜಲವೂ ಪರದೇಶದ ವಿದ್ಯೆಯೂ

ವಿದ್ಯೆಗೆ ಗಡಿಯಿಲ್ಲವೆಂದು ಪ್ರಾಜ್ಞರು ಹೇಳುವರು; ಅದನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ರೈತನ ಹೊಲಕ್ಕೆ ಬದುವುಂಟು, ಬಾವಿಗೆ ತಳವುಂಟು. ಗಡಿಯಿಲ್ಲದ ಆ ವಿದ್ಯೆಯು ಈ ಬದುವಿನೊಳಕ್ಕೆ ಬಂದಿತೇ, ಈ ತಳದಲ್ಲಿ ಒಂದು ಕೊಡ ನೀರನ್ನಾದರೂ ಹೆಚ್ಚಿಸಿತೇ ಎಂಬುದೇ ನಮ್ಮ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳುವುದಕ್ಕೆ ಚಿತ್ರದುರ್ಗ ಸೀಮೆಗಿಂತ ತಕ್ಕ ಸ್ಥಳವು ಕರ್ನಾಟಕದಲ್ಲಿ ವಿರಳ.

ಈ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗಿಂತಲೂ ಕಡಿಮೆ ಮಳೆ. ಕೆಳಗೆ ಗಟ್ಟಿ ಶಿಲೆ. ಶಿಥಿಲವಾದ ಮೇಲ್ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ನಿಂತಷ್ಟೇ ಅಂತರ್ಜಲ. ಹಿಂದೆ ತೆರೆದ ಬಾವಿಗಳಲ್ಲಿ ಕಪಿಲೆಗೆ ಸಿಕ್ಕುತ್ತಿದ್ದ ನೀರು ಈಗ ನೂರಾರು ಅಡಿ ಕೊರೆದರೂ ಸಿಕ್ಕುವುದು ಸಂದೇಹ. ಹೊಸದುರ್ಗ, ಹಿರಿಯೂರುಗಳ ತೆಂಗೂ ಹೊಳಲ್ಕೆರೆಯ ಅಡಕೆಯೂ ಬರಗಾಲ ಬಂದಾಗಲೆಲ್ಲ ಟ್ಯಾಂಕರಿನ ದಾರಿಯನ್ನು ಕಾಯಬೇಕಾಗುವುದು. ಸಾಲ ಮಾಡಿ ಕೊರೆಯಿಸಿದ ಕೊಳವೆಬಾವಿಯಿಂದ ಬರಿಯ ಧೂಳೆದ್ದಾಗ ಒಂದು ಸಂಸಾರದ ಗತಿಯೇನಾಗುವುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ನೀರಿನ ವಿಷಯದಲ್ಲಿ ಈ ಸೀಮೆಯು ಕೈಕಟ್ಟಿ ಕುಳಿತದ್ದೂ ಅಲ್ಲ. ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವಣ ಮಾರಿಕಣಿವೆಯಲ್ಲಿ ವೇದಾವತಿಯನ್ನು ತಡೆದು 1898ರಿಂದ 1907ರ ವರೆಗೆ ಮೈಸೂರು ಸಂಸ್ಥಾನವು ಕಟ್ಟಿಸಿದ ವಾಣೀವಿಲಾಸ ಸಾಗರವು ಇಂದಿಗೂ ನಮ್ಮ ಹೆಮ್ಮೆ. 30 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯವು 1933ರಲ್ಲೊಮ್ಮೆ ತುಂಬಿ ಹರಿಯಿತು. ಮರಳಿ ತುಂಬಿದ್ದು 89 ವರ್ಷಗಳ ತರುವಾಯ, 2022ರಲ್ಲಿ. ಅದೂ 2019ರಿಂದ ಭದ್ರೆಯ ನೀರನ್ನು ಎತ್ತಿ ಹರಿಸತೊಡಗಿದ ಮೇಲೆ. ಕಟ್ಟೆ ಕಟ್ಟಿದ ಮಾತ್ರಕ್ಕೆ ನೀರು ಬಾರದು. ಮಳೆಯನ್ನೂ ಮಣ್ಣನ್ನೂ ಶಿಲೆಯನ್ನೂ ಅರಿತ ಬಳಿಕವೇ ಕಟ್ಟೆಯು ಸಾರ್ಥಕವಾಗುವುದೆಂಬ ಪಾಠವನ್ನು ಈ ಸಾಗರವು ಶತಮಾನಕ್ಕೂ ಮೇಲ್ಪಟ್ಟು ಬೋಧಿಸುತ್ತಿದೆ.

ಈ ಅರಿವನ್ನು ಪಡೆಯಲು ಪರದೇಶಗಳ ಶಾಸ್ತ್ರಜ್ಞರು ನಮ್ಮವರೊಡನೆ ಕೈಗೂಡಿಸಿದ ಸಂದರ್ಭಗಳು ಹಲವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು 1972ರಿಂದ ಸೋವಿಯತ್ ರಷ್ಯದ ಸಹಕಾರದಿಂದ ಕಾವಲಿಯಿಂದ ಉಡುಪಿಯ ವರೆಗೆ, ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ, ಒಂದು ಗೆರೆಯೆಳೆದು ಭೂಮಿಯ ಆಳವನ್ನು ಪರೀಕ್ಷಿಸಿತು. ನೆಲದೊಳಗೆ ಸ್ಫೋಟ ಮಾಡಿ, ಹಿಂದಿರುಗಿದ ಕಂಪನಗಳಿಂದ ಒಳಗಿನ ಪದರಗಳನ್ನು ಗುರುತಿಸುವ ಈ ಬಗೆಯ ಶೋಧನೆಯು ಭಾರತದಲ್ಲಿ ಮೊದಲನೆಯದು. ಆ ಗೆರೆಯು ಚಿತ್ರದುರ್ಗದ ಶಿಲಾಪಟ್ಟಿಯನ್ನೂ ಅಡ್ಡಹಾಯ್ದುದರಿಂದ, ನಮ್ಮ ಹೊಲಗಳಡಿಯ ಅತಿ ಪ್ರಾಚೀನ ಶಿಲೆಗಳ ಚರಿತ್ರೆಯು ಜಗತ್ತಿನ ಭೂಗರ್ಭಶಾಸ್ತ್ರಜ್ಞರ ಚರ್ಚೆಗೆ ವಿಷಯವಾಯಿತು.

ಇದು ಶುದ್ಧ ಜ್ಞಾನದ ಮಾತಾಯಿತು. ರೈತನ ಬಳಿಗೆ ಬಂದ ವಿದ್ಯೆಯೂ ಉಂಟು. 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸುಜಲ ಜಲಾನಯನ ಯೋಜನೆಯು ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆಯಿತು. ಬದು ಹಾಕುವುದು, ಹಳ್ಳಕ್ಕೆ ತಡೆಯೊಡ್ಡುವುದು, ಗಿಡ ನೆಡುವುದು ಹಳೆಯ ಕೆಲಸಗಳೇ. ಅವುಗಳಿಂದಾದ ಫಲವನ್ನು ನಮ್ಮ ಉಪಗ್ರಹಗಳ ಚಿತ್ರಗಳಿಂದ ಅಳೆದು ನೋಡಿದ್ದೇ ಅದರ ಹೊಸತನ. ಆಮೇಲೆ 2009ರಲ್ಲಿ, ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ರಾಜ್ಯ ಸರಕಾರದೊಡನೆ ಕೂಡಿ ಭೂಚೇತನ ಕಾರ್ಯಕ್ರಮವನ್ನು ಆರಂಭಿಸಿತು. ಹೊಲಹೊಲದ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನುಗಳ ಕೊರತೆ ಹೊರಬಿದ್ದಿತು. ಅಲ್ಲಿಯ ವರೆಗೆ ಸಾರಜನಕ, ರಂಜಕ, ಪೊಟ್ಯಾಷುಗಳನ್ನಷ್ಟೇ ಗೊಬ್ಬರವೆಂದು ಬಗೆದಿದ್ದ ರೈತನಿಗೆ ಜಿಪ್ಸಂ, ಸತುವಿನ ಸಲ್ಫೇಟು, ಬೊರಾಕ್ಸುಗಳ ಅಳತೆ ತಿಳಿಯಿತು. ಅದನ್ನು ತಿಳಿಸಿದವರು ಹಳ್ಳಿಯವರೇ ಆದ ರೈತ ಅನುವುಗಾರರು. ಶೇಂಗಾ, ರಾಗಿಗಳ ಬೆಳೆ ಹೆಚ್ಚಿತು. ವಿದ್ಯೆಯು ಪ್ರಯೋಗಶಾಲೆಯಿಂದ ಹೊಲಕ್ಕೆ ನಡೆದು ಬಂದುದಕ್ಕೆ ಇದು ಉತ್ತಮ ನಿದರ್ಶನ.

2019ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು 6,000 ಕೋಟಿ ರೂಪಾಯಿಗಳ ಅಟಲ್ ಭೂಜಲ ಯೋಜನೆಯನ್ನು ಏಳು ರಾಜ್ಯಗಳಿಗಾಗಿ ಪ್ರಾರಂಭಿಸಿತು. ಅರ್ಧ ಹಣ ವಿಶ್ವಬ್ಯಾಂಕಿನ ಸಾಲ. ಕರ್ನಾಟಕದ ಪಾಲಿನಲ್ಲಿ ಚಿತ್ರದುರ್ಗ ಜಿಲ್ಲೆಯೂ ಸೇರಿತು. ಗ್ರಾಮಪಂಚಾಯತಿಯು ಹಣದಂತೆ ನೀರಿನ ಜಮಾಖರ್ಚನ್ನೂ ಬರೆದಿಡಬೇಕೆಂಬುದು ಅದರ ಮುಖ್ಯ ತತ್ತ್ವ. ಇನ್ನು 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹವು ಭಾರತ, ಅಮೇರಿಕಗಳ ಜಂಟಿ ನಿರ್ಮಾಣ. 12 ದಿನಗಳಿಗೊಮ್ಮೆ ಭೂಮಂಡಲದ ನೆಲವನ್ನು ನೋಡಿ, ಮಣ್ಣಿನ ತೇವವನ್ನೂ ಭೂಮಿಯ ಕುಸಿತವನ್ನೂ ಅಳೆಯಬಲ್ಲುದು.

ಪರರ ನೆರವು ನಮ್ಮ ಸ್ವಾಭಿಮಾನಕ್ಕೆ ಕುಂದಲ್ಲವೇ ಎಂದು ಕೆಲವರು ಕೇಳಬಹುದು. ಕಲಿಯುವುದರಲ್ಲಿ ಕುಂದಿಲ್ಲ, ಕಲಿತದ್ದನ್ನು ನಮ್ಮದಾಗಿ ಮಾಡಿಕೊಳ್ಳದಿರುವುದರಲ್ಲಿ ಕುಂದಿದೆ. ಅಳೆದ ಅಂಕಿಗಳು ಇಂಗ್ಲಿಷಿನ ವರದಿಗಳಲ್ಲಿ ಉಳಿದು, ಅಳೆಯಿಸಿಕೊಂಡ ಬಾವಿಯ ಒಡೆಯನಿಗೆ ಒಂದಕ್ಷರವೂ ತಿಳಿಯದಿದ್ದರೆ, ಆ ಪಾಲುಗಾರಿಕೆಯಲ್ಲಿ ಅವನಿಗೆ ದೊರೆತ ಪಾಲೇನು? ಯೋಜನೆಯ ಅವಧಿ ತೀರಿದೊಡನೆ ಅಳತೆಯೂ ನಿಂತರೆ, ಸಾಲವೊಂದೇ ಉಳಿದೀತು. ಈ ಜಿಲ್ಲೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೇ ಇದೆ. ಅದಕ್ಕೂ ಇತರ ಸಂಸ್ಥೆಗಳಿಗೂ ಹಿಂದಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗಳು ಸಂದಿವೆ. ದನಕುರಿಗಳ ಮೇವಿನ ನೆಲವನ್ನು ಬಿಟ್ಟ ಹಳ್ಳಿಗರಿಗೆ ಶಾಸ್ತ್ರವು ಋಣಿಯಾಗಿದೆ ಎಂಬುದನ್ನು ಮರೆಯಲಾಗದು.

ಆದುದರಿಂದ ಅಧಿಕಾರಿಗಳ ಮುಂದೆ ನಾವು ಮೂರು ಮಾತುಗಳನ್ನಿಡುತ್ತೇವೆ. ಜಿಲ್ಲೆಯಲ್ಲಿ ನಡೆಯುವ ಪ್ರತಿಯೊಂದು ಸಂಶೋಧನೆಯ ಸಾರವು ಕನ್ನಡದಲ್ಲಿ ಅಚ್ಚಾಗಿ ಆಯಾ ಪಂಚಾಯತಿಗೆ ತಲುಪಬೇಕು. ಅಂತರ್ಜಲದ ಮಟ್ಟವನ್ನು ತಿಂಗಳಿಗೊಮ್ಮೆ ಊರ ಮುಂದಿನ ಹಲಗೆಯ ಮೇಲೆ ಬರೆಯಬೇಕು. ಯೋಜನೆ ಮುಗಿದರೂ ಆ ಬರಹ ನಿಲ್ಲಬಾರದು. ಇಲ್ಲಿಯ ಕಾಲೇಜುಗಳ ತರುಣರಿಗೆ ಈ ಅಳತೆಯ ಕೆಲಸದಲ್ಲಿ ಶಿಕ್ಷಣವೂ ಪಾಲೂ ದೊರೆಯಬೇಕು. ಇವುಗಳಿಗೆ ಹೆಚ್ಚು ಹಣ ಬೇಡ, ಮನಸ್ಸು ಬೇಕು.

ನಾಗರಿಕರ ಹೊಣೆಯೂ ಕಡಿಮೆಯದಲ್ಲ. ನೀರಿನ ಲೆಕ್ಕ ತಿಳಿದ ಮೇಲೂ ನೆರೆಯವನಿಗಿಂತ ನೂರಡಿ ಆಳಕ್ಕೆ ಕೊರೆಯುವ ಪೈಪೋಟಿ ನಡೆದರೆ, ಯಾವ ದೇಶದ ಯಾವ ಪಂಡಿತನೂ ನಮ್ಮನ್ನು ಕಾಪಾಡಲಾರನು. ಉಪಗ್ರಹವು ತೇವವನ್ನು ತೋರಿಸಬಲ್ಲುದು; ಅದನ್ನು ನೆಲದಲ್ಲಿ ಉಳಿಸಬೇಕಾದವರು ನಾವೇ.