ಸೂರು ಮೊದಲೋ, ಗಣಕಯಂತ್ರ ಮೊದಲೋ?

ಮನೆಯನ್ನು ಕಟ್ಟುವುದಕ್ಕೆ ಹಣ ಒಮ್ಮೆ ಬೇಕು. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವುದಕ್ಕೆ ವರ್ಷ ವರ್ಷವೂ ಬೇಕು. ಸಂಸಾರ ತೂಗಿಸುವ ಗೃಹಿಣಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಸರ್ಕಾರಿ ಶಾಲೆಯ ವಿಚಾರ ಬಂದಾಗ ಮಾತ್ರ, ಹೊಸ ಕೊಠಡಿಯ ಶಂಕುಸ್ಥಾಪನೆಯ ಸಡಗರದಲ್ಲಿ ಹಳೆಯ ಮಾಳಿಗೆಯ ಬಿರುಕು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ಗಂಗಾವತಿ ಸೀಮೆಯ ಶ್ರೀರಾಮನಗರದ ಕಡೆ ನೋಡಿ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಸಿದ್ಧವಾಗಿ, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ, ಆಂಧ್ರದಿಂದ ಬಂದ ರೈತರು ಹೂಡಿದ ಕ್ಯಾಂಪುಗಳು ಈ ಭಾಗದಲ್ಲಿ ಊರುಗಳಾಗಿ ಬೆಳೆದವು; ಬಯಲು ಭತ್ತದ ಕಣಜವಾಯಿತು. ಕಾಲುವೆ ತೋಡಿದರೆ ಸಾಲದು, ಹೂಳನ್ನೂ ಎತ್ತಬೇಕೆಂಬುದು ಇಲ್ಲಿನ ಜನಕ್ಕೆ ಚೆನ್ನಾಗಿ ತಿಳಿದ ಮಾತು. 2024ರ ಆಗಸ್ಟ್ ತಿಂಗಳಲ್ಲಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಆ ಮಾತಿನ ಬೆಲೆ ನಾಡಿಗೇ ಗೊತ್ತಾಯಿತು. ಶಾಲೆಯ ವಿಷಯವೂ ಇದಕ್ಕಿಂತ ಬೇರೆಯಲ್ಲ.

1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶ ವಿದ್ಯೆಯಲ್ಲಿ ಹಿಂದುಳಿದದ್ದು ಹೊಸ ಸುದ್ದಿಯೇನಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿ ಬಂದಿತು. ಅದರ ಆಧಾರದ ಮೇಲೆ ಅಭಿವೃದ್ಧಿ ಮಂಡಳಿ ರಚಿತವಾಯಿತು. 2023-24ರ ಆಯವ್ಯಯದಲ್ಲಿ ಆ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿತವಾಯಿತು. ಆದುದರಿಂದ ಹಣವೇ ಇಲ್ಲವೆಂದು ಕೈಚೆಲ್ಲುವ ಕಾಲ ಇದಲ್ಲ. ಬಂದ ಹಣವನ್ನು ಯಾವ ಕ್ರಮದಲ್ಲಿ ವಿನಿಯೋಗಿಸಬೇಕೆಂಬುದೇ ಈಗಿನ ಪ್ರಶ್ನೆ.

ಇಲ್ಲೊಂದು ಚಿಕ್ಕ ಲೆಕ್ಕವಿದೆ. ಸಮಗ್ರ ಶಿಕ್ಷಣ ಯೋಜನೆಯ ಸೂತ್ರದಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ದೊರೆಯುವ ಸಂಯುಕ್ತ ಅನುದಾನ 25,000 ರೂಪಾಯಿ. ಮಕ್ಕಳು ನೂರಾದರೆ ತಲೆಗೆ 250 ರೂಪಾಯಿ! ಇದರಲ್ಲಿ ಹತ್ತನೆಯ ಒಂದು ಪಾಲು ಸ್ವಚ್ಛತೆಗೆ ಮೀಸಲು. ಉಳಿದುದರಲ್ಲಿ ಸೀಮೆಸುಣ್ಣವೂ ಆಗಬೇಕು, ಮುರಿದ ಕಿಟಕಿಯೂ ಸರಿಯಾಗಬೇಕು. ಇದೇ ಯೋಜನೆಯಲ್ಲಿ ಗಣಕಯಂತ್ರದ ಪ್ರಯೋಗಾಲಯಕ್ಕೆ ಒಂದು ಸಲಕ್ಕೆ 6.40 ಲಕ್ಷ, ಅನಂತರ ವರ್ಷಕ್ಕೆ 2.40 ಲಕ್ಷದಂತೆ ಐದು ವರ್ಷ ನೆರವಿದೆ. ಆರನೆಯ ವರ್ಷ? ಆ ಹೊತ್ತಿಗೆ ಯಂತ್ರಕ್ಕೂ ಮುಪ್ಪು ಬಂದಿರುತ್ತದೆ, ನೆರವೂ ನಿಂತಿರುತ್ತದೆ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು ಉಚಿತವೆಂದು ರಾಜ್ಯ ಸರ್ಕಾರ 2023ರಲ್ಲಿ ಸಾರಿದ್ದು ದೊಡ್ಡ ಉಪಕಾರವೇ ಸರಿ. ಆದರೆ ಸೋರುವ ಮಾಳಿಗೆಯ ಕೆಳಗೆ ಆ ವಿದ್ಯುತ್ತೇ ಅಪಾಯಕಾರಿ.

ಇನ್ನೊಂದು ತೊಡಕು ಪಂಚಾಂಗದ್ದು. ಸರ್ಕಾರದ ಹಣಕಾಸಿನ ವರ್ಷ ಏಪ್ರಿಲ್ ಒಂದಕ್ಕೆ ಆರಂಭ. ಮಕ್ಕಳಿಗೆ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ. ಜೂನ್ ಬಂದರೆ ಮಳೆ. ರಿಪೇರಿಗೆ ತಕ್ಕ ಕಾಲ ಆ ರಜೆಯ ಕೆಲವೇ ವಾರಗಳು. ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರುಗಳೆಲ್ಲ ಏಪ್ರಿಲಿನಲ್ಲಿ ಮೊದಲಾದರೆ ಗಾರೆಯವನು ಬರುವ ವೇಳೆಗೆ ಮೋಡವೂ ಬಂದಿರುತ್ತದೆ. ಹಿಂದಿನ ದೀಪಾವಳಿಗೇ ಪಟ್ಟಿ ಸಿದ್ಧವಾಗಿದ್ದರೆ ಮಾತ್ರ ಕೆಲಸ ಹೊತ್ತಿಗೆ ಮುಗಿದೀತು.

ಆ ಪಟ್ಟಿಯನ್ನು ಬರೆಯಬೇಕಾದವರು ಯಾರು? 2009ರ ಶಿಕ್ಷಣ ಹಕ್ಕಿನ ಕಾಯಿದೆ ಶಾಲಾಭಿವೃದ್ಧಿ ಯೋಜನೆಯನ್ನು ತಯಾರಿಸುವ ಹೊಣೆಯನ್ನು ಶಾಲೆಯ ಸಮಿತಿಗೇ ವಹಿಸಿದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಸ್ತ್ರೀಯರು ಇರಬೇಕೆಂಬುದೂ ಕಾಯಿದೆಯ ಮಾತು. ಅಧಿಕಾರ ಹೀಗೆ ಅಂಗಳಕ್ಕೇ ಬಂದಿರುವಾಗ, ಸಭೆಗೆ ಹೋಗಿ ರುಜು ಹಾಕಿ ಬರುವುದಷ್ಟೇ ನಮ್ಮ ಕರ್ತವ್ಯವೇ?

ಪಟ್ಟಿಯ ಕ್ರಮ ಕಷ್ಟದ್ದಲ್ಲ. ಮೊದಲು ಮಾಳಿಗೆ, ಗೋಡೆ, ಆಮೇಲೆ ನೀರು, ಶೌಚಗೃಹ, ಬಳಿಕ ವಿದ್ಯುತ್ತಿನ ತಂತಿ, ಅನಂತರ ಗಣಕಯಂತ್ರ. ಯಂತ್ರದ ಎದುರು ಎರಡು ಅಂಕಣಗಳಿರಲಿ: ಕೊಳ್ಳುವ ಬೆಲೆ ಒಂದರಲ್ಲಿ, ಆರನೆಯ ವರ್ಷದ ಖರ್ಚು ಇನ್ನೊಂದರಲ್ಲಿ. ಎರಡನೆಯ ಅಂಕಣ ಬರಿದಾಗಿದ್ದರೆ, ಹಣ ಎಲ್ಲಿಂದ ಬರುತ್ತದೆಂದು ಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ಒಬ್ಬ ತಾಯಿಗೂ ಉಂಟು. ಅವಳು ಕೇಳಲಿ.