ಒಂದು ತೋಟಾ ವಾರೆಯಾದರೆ ಸಾಕು

ಮಕ್ಕಳೇ, ಪೈಜಾಮದ ಲಾಡಿ ನೆನೆದ ಮೇಲೆ ಅದರ ಗಂಟು ಬಿಚ್ಚೋಕೆ ಯಾವತ್ತಾದರೂ ಪರದಾಡಿದ್ದೀರಾ? ಒಣಗಿದ್ದಾಗ ಸಲೀಸಾಗಿ ಬಿಚ್ಚುವ ಗಂಟು ಒದ್ದೆಯಾದ ಕೂಡಲೇ ಕಲ್ಲಿನ ಹಾಗೆ ಬಿಗಿಯುತ್ತದೆ. ನಮಗೆ ಇದು ಎರಡು ನಿಮಿಷದ ಕಿರಿಕಿರಿ. ಮೊದಲ ಮಹಾಯುದ್ಧದ ಕಾಲದಲ್ಲಿ, ಯುರೋಪಿನ ಕೆಸರಿನ ಕಂದಕಗಳಲ್ಲಿ ಕೂತಿದ್ದ ಸೈನಿಕರಿಗೆ ಇದೇ ಸಂಗತಿ ಜೀವನ್ಮರಣದ ಪ್ರಶ್ನೆಯಾಗಿತ್ತು. ಅದಕ್ಕೆ ಕಾರಣ ಹತ್ತಿಬಟ್ಟೆಯ ಒಂದು ಬೆಲ್ಟು, ಆ ಬೆಲ್ಟನ್ನು ತುಂಬುವ ಒಂದು ಹಟಮಾರಿ ಯಂತ್ರ.

ಮೊದಲು ಆ ಬೆಲ್ಟು ಎಲ್ಲಿಂದ ಬಂತು ನೋಡೋಣ. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹೈರಂ ಮ್ಯಾಕ್ಸಿಂ 1884ರಲ್ಲಿ ಒಂದು ಹೊಸ ಬಗೆಯ ಮಷಿನ್ ಗನ್ ತಯಾರಿಸಿದ. ನೀವು ಓದಿರುವ ನ್ಯೂಟನ್ನನ ಮೂರನೇ ನಿಯಮ ಅದರಲ್ಲಿ ಹಾಗೇ ಕೂತಿದೆ. ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದಲ್ವಾ? ಆ ಒದೆತವನ್ನೇ ದುಡಿಸಿಕೊಂಡು ಖಾಲಿ ಕೋಶವನ್ನು ಹೊರಗೆ ಎಸೆಯುವುದು, ಮುಂದಿನ ತೋಟಾ ಎಳೆದುಕೊಳ್ಳುವುದು, ಮತ್ತೆ ಹಾರಿಸುವುದು. ತೋಟಾ ಅಂದರೆ ಗುಂಡು, ಮದ್ದು, ಹಿತ್ತಾಳೆಯ ಕೋಶ ಎಲ್ಲ ಸೇರಿದ್ದು. ಇದೇ ಬಂದೂಕನ್ನು ತಿದ್ದಿ ಹಗುರ ಮಾಡಿದ ವಿಕರ್ಸ್ ಗನ್ ಅನ್ನು ಬ್ರಿಟಿಷ್ ಸೈನ್ಯ 1912ರಲ್ಲಿ ತೆಗೆದುಕೊಂಡಿತು, 1968ರವರೆಗೂ ಬಳಸಿತು. ಅದು ಹಾರಿಸುತ್ತಿದ್ದ .303 ತೋಟಾಗಳು ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದವು.

ಈ ಗನ್ನಿಗೆ ಊಟ ಬಡಿಸುತ್ತಿದ್ದುದು 250 ತೋಟಾಗಳ ಬಟ್ಟೆಯ ಬೆಲ್ಟು. ದಪ್ಪ ಹತ್ತಿನೂಲಿನ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಅಲ್ಲಲ್ಲಿ ಹಿತ್ತಾಳೆ ಪಟ್ಟಿಗಳಿಂದ ಬಿಗಿದು, ನಡುವೆ ಒಂದೊಂದು ತೋಟಾಕ್ಕೂ ಒಂದೊಂದು ಜೇಬು ಬಿಡುತ್ತಿದ್ದರು. ಗನ್ನಿನ ವೇಗ ನಿಮಿಷಕ್ಕೆ ಸುಮಾರು 500 ಗುಂಡು. ಹಾಗಾದರೆ ಒಂದು ಬೆಲ್ಟು ಎಷ್ಟು ಹೊತ್ತು ಬಾಳುತ್ತದೆ? ಅರ್ಧ ನಿಮಿಷ ಅಷ್ಟೇ! ಈಗ ತುಂಬುವ ಲೆಕ್ಕ ಮಾಡಿ. ಕೈಯಲ್ಲಿ ಒಂದು ತೋಟಾ ತುರುಕಲು ಮೂರು ಸೆಕೆಂಡು ಬೇಕು ಅಂದುಕೊಳ್ಳಿ. 250ಕ್ಕೆ 750 ಸೆಕೆಂಡು, ಅಂದರೆ ಹನ್ನೆರಡೂವರೆ ನಿಮಿಷ. ಬೆರಳೂ ನೋಯುತ್ತದೆ. ಅದಕ್ಕೇ ಬೆಲ್ಟು ತುಂಬುವ ಯಂತ್ರ ಬಂತು.

ಆ ಯಂತ್ರ ನೋಡಲು ಬಲು ಸರಳ. ಮೇಲೆ ಹಿಟ್ಟಿನ ಗಿರಣಿಗೆ ಇರುವಂಥ ಒಂದು ತೊಟ್ಟಿ, ಪಕ್ಕದಲ್ಲಿ ತಿರುಗಿಸುವ ಹಿಡಿ. ಹಿಡಿ ತಿರುಗಿದಂತೆ ಮೂರು ಕೆಲಸ ನಡೆಯಬೇಕು: ಬೆಲ್ಟು ಸರಿಯಾಗಿ ಒಂದು ಜೇಬಿನಷ್ಟು ಮುಂದೆ ಸರಿಯಬೇಕು, ತೊಟ್ಟಿಯಿಂದ ಒಂದೇ ಒಂದು ತೋಟಾ ಇಳಿಯಬೇಕು, ಒಂದು ದಂಡ ಬಂದು ಅದನ್ನು ಜೇಬಿನೊಳಗೆ ಸರಿಯಾದ ಆಳಕ್ಕೆ ದಬ್ಬಬೇಕು. ನಿಮ್ಮ ಮನೆಯ ಹೊಲಿಗೆ ಮಷಿನ್ ನೆನಪಿಸಿಕೊಳ್ಳಿ. ಸೂಜಿ ಮೇಲಿದ್ದಾಗ ಮಾತ್ರ ಬಟ್ಟೆ ಸರಿಯಬೇಕು, ಸೂಜಿ ಬಟ್ಟೆಯೊಳಗಿದ್ದಾಗ ನಿಲ್ಲಬೇಕು. ಇಲ್ಲೂ ಹಾಗೇ. ದಂಡ ಒಳಗಿರುವಾಗಲೇ ಬೆಲ್ಟು ಸರಿದರೆ ಬಟ್ಟೆ ಹರಿಯುತ್ತದೆ, ಇಲ್ಲವೇ ತೋಟಾ ಸೊಟ್ಟಗಾಗುತ್ತದೆ. ಒಂದೇ ಹಿಡಿಯಿಂದ ಬರುವ ಚಲನೆಯನ್ನು ಮೂರು ಕೆಲಸಕ್ಕೆ ಹಂಚಿ, ಒಂದೊಂದಕ್ಕೂ ಅದರದರ ಸರದಿ ಕಾಯಿಸುವುದೇ ಇಂಥ ಯಂತ್ರಗಳ ಜಾಣತನ.

ಹಾಗಿದ್ದರೆ ಅದು ಹಟ ಹಿಡಿಯುವುದು ಯಾಕೆ? ಮೊದಲ ಆರೋಪಿ ಯಂತ್ರದ ಹೊರಗೇ ಇದ್ದಾನೆ. ಅವನೇ ಹತ್ತಿ. ಹತ್ತಿಯ ಎಳೆ ನೀರು ಕುಡಿದಾಗ ಉದ್ದವಾಗುವುದು ತೀರಾ ಕಡಿಮೆ, ದಪ್ಪವಾಗುವುದೇ ಹೆಚ್ಚು. ನೇಯ್ದ ಬಟ್ಟೆಯಲ್ಲಿ ಒಂದು ನೂಲು ಇನ್ನೊಂದರ ಮೇಲೆ ಕೆಳಗೆ ಬಳಸಿಕೊಂಡು ಹೋಗುತ್ತದೆ. ಸಣ್ಣ ಬಾಟಲಿಗಿಂತ ದಪ್ಪ ಬಾಟಲಿಗೆ ದಾರ ಸುತ್ತಲು ಹೆಚ್ಚು ಉದ್ದ ಬೇಕು ತಾನೇ? ಹಾಗೆಯೇ ಅಡ್ಡ ನೂಲು ಊದಿದಾಗ ಅದನ್ನು ಬಳಸಲು ಉದ್ದ ನೂಲಿಗೆ ಹೆಚ್ಚು ದಾರಿ ಬೇಕಾಗುತ್ತದೆ. ನೂಲು ಬೆಳೆಯುವುದಿಲ್ಲ, ಆದ್ದರಿಂದ ಬಟ್ಟೆಯೇ ಕುಗ್ಗುತ್ತದೆ. ನಿಮ್ಮ ಲಾಡಿಯ ಗಂಟು ಬಿಗಿಯುವುದೂ ಹೀಗೆ ನೂಲು ಊದಿಯೇ. ಮಳೆಗೆ ನೆನೆದ ಬೆಲ್ಟಿನ ಜೇಬು ತೋಟಾವನ್ನು ಕಚ್ಚಿ ಹಿಡಿಯುತ್ತದೆ. ಬಹಳ ಸಲ ಬಳಸಿ ಸಡಿಲವಾದ ಬೆಲ್ಟಿನದು ಇನ್ನೊಂದು ಕಥೆ: ಅದರಲ್ಲಿ ತೋಟಾ ನಿಲ್ಲುವುದೇ ಇಲ್ಲ, ಜಾರುತ್ತದೆ, ವಾರೆಯಾಗುತ್ತದೆ.

ಎರಡನೆಯದು ಆಳ. ಗನ್ನು ತೋಟಾದ ಹಿಂಬದಿಯ ಅಂಚನ್ನು ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಲ್ಲ ಅಂಚುಗಳೂ ಪ್ರಾರ್ಥನೆಗೆ ನಿಂತ ಸಾಲಿನ ಹಾಗೆ ಒಂದೇ ಗೆರೆಯಲ್ಲಿರಬೇಕು. ಮೂರನೆಯದು ಹಳೆಯ ಎಣ್ಣೆ. ವರ್ಷಗಟ್ಟಲೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಅದು ಅಂಟಾಗಿ, ಕೊನೆಗೆ ವಾರ್ನಿಷ್ ಥರ ಗಟ್ಟಿಯಾಗುತ್ತದೆ. ಜಾರಿಸಬೇಕಾದದ್ದೇ ಹಿಡಿದು ನಿಲ್ಲಿಸುತ್ತದೆ. ನಾಲ್ಕನೆಯದು ಸೋತ ಸ್ಪ್ರಿಂಗು, ಸವೆದ ಹಲ್ಲು. ಇವು ಕೆಟ್ಟರೆ ಬೆಲ್ಟು ಒಂದು ಪೂರ್ತಿ ಜೇಬಿನ ಬದಲು ಮುಕ್ಕಾಲು ಜೇಬು ಸರಿದು ನಿಲ್ಲುತ್ತದೆ.

ಹಳೆಯ ಯಂತ್ರವನ್ನು ಸರಿಪಡಿಸಲು ಕೂತವರಿಗೆ ಒಂದು ಕ್ರಮ ಇರಬೇಕು. ಮೊದಲು ತೊಳೆಯಬೇಕು, ಸೀಮೆಎಣ್ಣೆಯಂಥ ದ್ರಾವಕಕ್ಕೆ ಗಟ್ಟಿಯಾದ ಎಣ್ಣೆ ಬಿಡುತ್ತದೆ. ಆಮೇಲೆ ತೊಟ್ಟಿ ಖಾಲಿ ಇಟ್ಟು, ಬೆಲ್ಟಿಲ್ಲದೆ, ಹಿಡಿಯನ್ನು ನಿಧಾನ ತಿರುಗಿಸಿ ನೋಡಬೇಕು. ಎಲ್ಲೂ ತಡೆಯದಿದ್ದರೆ ಬೆಲ್ಟು ಹಾಕಿ ತಿರುಗಿಸಬೇಕು. ಅದೂ ಸರಿಹೋದರೆ ಮದ್ದೂ ಸಿಡಿತಲೆಯೂ ಇಲ್ಲದ ನಕಲಿ ತೋಟಾ ಹಾಕಿ ನೋಡಬೇಕು. ಜೀವಂತ ತೋಟಾ ಇಟ್ಟು ರಿಪೇರಿ ಮಾಡಿದರೆ ದಬ್ಬುವ ದಂಡವೇ ಅದನ್ನು ಸಿಡಿಸೀತು. ಎಲ್ಲಕ್ಕಿಂತ ಮುಖ್ಯವಾದ ಮಾತು: ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಪ್ರಿಂಗೂ ಬದಲಿಸಿ, ಬೆಲ್ಟೂ ಬದಲಿಸಿ, ಎಣ್ಣೆಯೂ ಹಾಕಿ ಯಂತ್ರ ಓಡಿತು ಅಂದರೆ, ರೋಗ ಯಾವುದಿತ್ತು ಅಂತ ಗೊತ್ತೇ ಆಗುವುದಿಲ್ಲ. ವಿಜ್ಞಾನದ ಪಾಠದಲ್ಲಿ 'ಉಳಿದೆಲ್ಲ ಅಂಶಗಳನ್ನು ಸ್ಥಿರವಾಗಿಡಿ' ಅಂತ ಬರುತ್ತದಲ್ಲ, ಅದು ಇದೇ. ವಿಕರ್ಸ್ ಸೈನಿಕರಿಗೂ ಇಂಥದೇ ತರಬೇತಿ ಇತ್ತು. ಗನ್ನು ನಿಂತುಹೋದರೆ ಗಾಬರಿಯಾಗದೆ ಅದರ ಹಿಡಿ ಯಾವ ಸ್ಥಾನದಲ್ಲಿ ನಿಂತಿದೆ ಅಂತ ಮೊದಲು ನೋಡಬೇಕು. ನಾಲ್ಕು ಸ್ಥಾನಗಳಿದ್ದವು, ಒಂದೊಂದೂ ಒಂದೊಂದು ಬಗೆಯ ದೋಷದ ಸುಳಿವು. ಎಲ್ಲಿ ನಿಂತಿತು ಎಂಬುದೇ ಯಾಕೆ ನಿಂತಿತು ಎಂಬುದಕ್ಕೆ ಅರ್ಧ ಉತ್ತರ.

ಇಷ್ಟೆಲ್ಲ ಕಾಳಜಿ ಬೇಕಾ ಅಂತೀರಾ? ಲೆಕ್ಕ ನೋಡಿ. ಯಂತ್ರ ಸರಾಸರಿ 250ರಲ್ಲಿ ಒಂದೇ ತೋಟಾ ತಪ್ಪು ಕೂರಿಸುತ್ತದೆ ಅನ್ನೋಣ. ಅಂದರೆ ಶೇಕಡಾ 99.6 ಸರಿ. ಪರೀಕ್ಷೆಯಲ್ಲಿ ಇಷ್ಟು ಬಂದರೆ ಮನೆಯಲ್ಲಿ ಸಿಹಿ ಹಂಚುತ್ತಾರೆ! ಆದರೆ ಬೆಲ್ಟು ಪೂರ್ತಿ ತಪ್ಪಿಲ್ಲದೆ ತುಂಬುವ ಸಂಭವ 249/250 ಅನ್ನು 250 ಸಲ ಗುಣಿಸಿದಷ್ಟು, ಸುಮಾರು 0.37. ಅಂದರೆ ನೂರು ಬೆಲ್ಟುಗಳಲ್ಲಿ ಸುಮಾರು 63 ಎಲ್ಲಾದರೂ ಒಂದು ಕಡೆ ಸಿಕ್ಕಿಕೊಳ್ಳುತ್ತವೆ. ಸರಪಳಿಯಂಥ ಕೆಲಸದಲ್ಲಿ ಸಣ್ಣ ತಪ್ಪು ಸಣ್ಣದಾಗಿ ಉಳಿಯುವುದಿಲ್ಲ.

1916ರ ಆಗಸ್ಟಿನಲ್ಲಿ, ಫ್ರಾನ್ಸಿನ ಸೊಮ್ ಯುದ್ಧದಲ್ಲಿ, ಹತ್ತು ವಿಕರ್ಸ್ ಗನ್ನುಗಳು ಹನ್ನೆರಡು ಗಂಟೆಗಳಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಗುಂಡು ಹಾರಿಸಿದವೆಂಬ ಪ್ರಸಿದ್ಧ ಕಥೆ ಇದೆ. ಬೆಲ್ಟು ತುಂಬುವ ಯಂತ್ರ ಅಷ್ಟು ಹೊತ್ತೂ ನಿಲ್ಲದೆ ತಿರುಗಿತೆಂದು ಆ ಗನ್ನುಗಳ ಅಧಿಕಾರಿಯೇ ಬರೆದಿದ್ದಾನೆ. ಆ ಸಂಖ್ಯೆಯನ್ನು ಈಚೆಗೆ ಸಂಶೋಧಕರು ಒಪ್ಪುವುದಿಲ್ಲ. ನೀವೂ ಭಾಗಿಸಿ ನೋಡಿ: ಒಂದು ಗನ್ನಿಗೆ 400 ಬೆಲ್ಟು, ಎರಡು ನಿಮಿಷಕ್ಕೂ ಕಡಿಮೆ ಹೊತ್ತಿಗೆ ಒಂದೊಂದು, ಬಿಡುವಿಲ್ಲದೆ! ದೊಡ್ಡ ಸಂಖ್ಯೆ ಕಂಡಾಗ ಹೀಗೆ ತೂಗಿ ನೋಡುವುದು ಒಳ್ಳೆಯ ಅಭ್ಯಾಸ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಯಂತ್ರಗಳು ಸುಗಮವಾಗಿ ತಿರುಗಿದಷ್ಟೂ ಎದುರಿಗಿದ್ದ ಮನುಷ್ಯರು ಸತ್ತರು. 1893ರಲ್ಲಿ ಆಫ್ರಿಕಾದ ಮಟಬೆಲೆ ಜನರು ಮ್ಯಾಕ್ಸಿಂ ಗನ್ನಿನ ಮುಂದೆ ಗುಂಪು ಗುಂಪಾಗಿ ಬಿದ್ದರು. ಯಂತ್ರವನ್ನು ಸರಿಪಡಿಸುವ ವಿದ್ಯೆ ಯಂತ್ರ ಯಾವ ಕೆಲಸ ಮಾಡುತ್ತದೆ ಅಂತ ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು. ಎಲ್ಲಾದರೂ ಹಳೆಯ ತೋಟಾ ಬಿದ್ದಿದ್ದು ಕಂಡರೆ ಮುಟ್ಟಲೇಬೇಡಿ, ಹಿರಿಯರಿಗೆ ಹೇಳಿ, ಪೊಲೀಸರಿಗೆ ತಿಳಿಸಿ.

ನಮ್ಮ ಬೆಲ್ಟಿಗೆ ಪೆನ್ಸಿಲ್ ಸಾಕು. ಒಂದು ಮೊಳ ಉದ್ದದ ಎರಡು ಹತ್ತಿ ಪಟ್ಟಿಗಳನ್ನು ಜೋಡಿಸಿ, ಪೆನ್ಸಿಲ್ ಬಿಗಿಯಾಗಿ ಕೂರುವಂತೆ ಹತ್ತು ಜೇಬು ಹೊಲಿಯಿರಿ. ಪೆನ್ಸಿಲ್ಲಿನ ತುದಿಗೆ ದಾರ ಕಟ್ಟಿ, ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಎಷ್ಟು ನ್ಯೂಟನ್ ಬಲಕ್ಕೆ ಜಾರಿತು, ಬರೆದುಕೊಳ್ಳಿ. ಬಟ್ಟೆ ಒಣಗಿದ್ದಾಗ, ನೆನೆದಾಗ, ನೆನೆದು ಮತ್ತೆ ಒಣಗಿದಾಗ, ಹೀಗೆ ಮೂರು ಸಲ. ಎಳೆಯುವ ಮುಂಚೆ ನಿಮ್ಮ ಊಹೆಯನ್ನೂ ಬರೆದಿಡಿ. ಆಮೇಲೆ ನೈಲಾನ್ ಪಟ್ಟಿಯಲ್ಲೂ ಮಾಡಿ ನೋಡಿ. ಊಹೆಗೂ ಅಳತೆಗೂ ಹೊಂದದಿದ್ದರೆ ಪೆನ್ಸಿಲ್ ಎಸೆಯಬೇಡಿ, ಒಂದೇ ಒಂದು ಸಂಗತಿ ಬದಲಿಸಿ ಮತ್ತೆ ಎಳೆಯಿರಿ.