ಬುದ್ಧಿ ಬೇಡವೆಂದ ಯಂತ್ರದ ಜಾತಕ

ತಮಿಳಿನ ‘ಆನಂದ ವಿಕಟನ್’ ವಾರಪತ್ರಿಕೆಯಲ್ಲಿ ಎಂಬತ್ತರ ದಶಕದಲ್ಲಿ ಧಾರಾವಾಹಿಯಾಗಿ ಬಂದ ‘ಎನ್ ಇನಿಯ ಇಯಂದಿರಾ’ ಕಾದಂಬರಿಯಲ್ಲಿ ಜೀನೋ ಎಂಬ ಯಂತ್ರದ ನಾಯಿಯೊಂದಿದೆ. ಅದು ಪುಸ್ತಕ ಓದುತ್ತದೆ, ವಾದಿಸುತ್ತದೆ, ಬರಬರುತ್ತ ಮನುಷ್ಯರಿಗೇ ಉಪಾಯ ಹೇಳಿಕೊಡುವಷ್ಟು ಬುದ್ಧಿ ಬೆಳೆಸಿಕೊಳ್ಳುತ್ತದೆ. ಆ ಕಥೆಯ ಭಾವೀ ಭಾರತವನ್ನಾಳುವ ಜೀವಾ ಎಂಬ ಸರ್ವಾಧಿಕಾರಿಯಾದರೋ ಬರಿಯ ಬೆಳಕಿನ ಬಿಂಬವೆಂದು ಕಡೆಗೆ ಬಯಲಾಗುತ್ತದೆ. ಇದನ್ನು ಹೆಣೆದ ಸುಜಾತಾ, ಅರ್ಥಾತ್ 1935ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ 2008ರಲ್ಲಿ ಅದೇ ನಗರದಲ್ಲಿ ಕಾಲವಾದ ಎಸ್. ರಂಗರಾಜನ್, ಜೀವನೋಪಾಯಕ್ಕೆ ನಮ್ಮ ಬೆಂಗಳೂರಿನ ಬಿಇಎಲ್ ಸಂಸ್ಥೆಯಲ್ಲಿ ಎಂಜಿನಿಯರರಾಗಿದ್ದು, ಅಲ್ಲಿ ವಿದ್ಯುನ್ಮಾನ ಮತಯಂತ್ರದ ವಿನ್ಯಾಸ ಮತ್ತು ಉತ್ಪಾದನೆಗಳ ಮೇಲ್ವಿಚಾರಣೆ ನಡೆಸಿದವರು. ಯೋಚಿಸುವ ಯಂತ್ರವನ್ನು ಕನಸಿದವನ ಕಣ್ಣೆದುರಿನಲ್ಲಿಯೇ ಯೋಚನೆಯ ಗಂಧಗಾಳಿಯಿಲ್ಲದ ಪೆಟ್ಟಿಗೆಯೊಂದು ರೂಪುಗೊಂಡಿತೆಂಬ ಸೋಜಿಗವನ್ನು, ಮತಯಂತ್ರದ ಬಗೆಗೆ ಇಷ್ಟೆಲ್ಲ ಕೂಗಾಡುವ ನಾವು, ಸಂಪೂರ್ಣವಾಗಿ ಮರೆತಿದ್ದೇವೆ.

ಆ ಪೆಟ್ಟಿಗೆಯ ಮಹಿಮೆಯೆಲ್ಲ ಅದರ ಜಡತ್ವದಲ್ಲಿದೆ. ಮತಗಟ್ಟೆಯ ಅಧಿಕಾರಿಯ ಮೇಜಿನ ಮೇಲೆ ಕಂಟ್ರೋಲ್ ಯೂನಿಟ್ಟು, ರಟ್ಟಿನ ಮರೆಯ ಹಿಂದೆ ಬ್ಯಾಲೆಟ್ ಯೂನಿಟ್ಟು, ನಡುವೆ ಐದು ಮೀಟರಿನ ಕೇಬಲ್ಲು. ಅಧಿಕಾರಿ ಗುಂಡಿಯೊತ್ತಿದ ಹೊರತು ಮತದಾರನ ಗುಂಡಿಗೆ ಜೀವವಿಲ್ಲ, ಅವನು ಒಮ್ಮೆ ಒತ್ತಿ ‘ಬೀಪ್’ ಶಬ್ದ ಕೇಳಿದ ಮೇಲೆ ಮತ್ತೆಷ್ಟು ಒತ್ತಿದರೂ ಅದಕ್ಕೆ ಕಿವಿಯಿಲ್ಲ. ಮತಗಟ್ಟೆಯನ್ನೇ ವಶಪಡಿಸಿಕೊಂಡ ಪುಂಡರು ಎಷ್ಟೇ ಅವಸರಪಟ್ಟರೂ ನಿಮಿಷಕ್ಕೆ ನಾಲ್ಕೈದು ಮತಗಳಿಗಿಂತ ಹೆಚ್ಚು ಅದು ಸ್ವೀಕರಿಸದು. ಹೊರಗಿನ ಜಾಲದೊಡನೆ ಅದಕ್ಕೆ ಸಂಬಂಧವಿಲ್ಲ, ಒಮ್ಮೆ ಬರೆದ ಆದೇಶವನ್ನು ಮತ್ತೆ ತಿದ್ದಲಾಗದ ಬಗೆಯ ಚಿಪ್ಪನ್ನು ಅದರೊಳಗಿಟ್ಟಿದ್ದಾರೆ. ಕೂಡುವುದೊಂದೇ ಅದು ಬಲ್ಲ ವಿದ್ಯೆ.

1982ರ ಮೇ ತಿಂಗಳಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಅದರ ಮೊದಲ ಪ್ರಯೋಗವಾಯಿತು. ಕಾಯಿದೆಯಲ್ಲಿ ಯಂತ್ರಕ್ಕೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲಿ ಆ ಮತಗಟ್ಟೆಗಳ ಚುನಾವಣೆಯನ್ನು ತಳ್ಳಿಹಾಕಿತು. ಬಳಿಕ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 61ಎ ಪ್ರಕರಣವನ್ನು ಸೇರಿಸಿ 1989ರಲ್ಲಿ ಜಾರಿಗೆ ತಂದರು. ಮುಂದಿನ ಹಲವು ವರ್ಷ ಯಂತ್ರಗಳು ಬಹುಪಾಲು ಉಗ್ರಾಣದಲ್ಲಿಯೇ ಕಳೆದವು. 1996ರಲ್ಲಿ ತಮಿಳುನಾಡಿನ ಮೊಡಕ್ಕುರಿಚ್ಚಿಯಲ್ಲಿ 1033 ಮಂದಿ ಕಣದಲ್ಲಿ ನಿಂತು ಮತಪತ್ರವನ್ನು ಪುಸ್ತಕವಾಗಿ ಹೊಲಿಯಬೇಕಾಗಿ ಬಂದಾಗ ಯಂತ್ರವನ್ನು ನೆನೆದು ಪ್ರಯೋಜನವಿರಲಿಲ್ಲ; ಅಂದಿನ ಯಂತ್ರಕ್ಕೆ 64 ಹೆಸರುಗಳೇ ಪರಮಾವಧಿ.

ನಿಜವಾದ ಜಗಳ ಹತ್ತಿದ್ದು ಮದರಾಸಿನಲ್ಲಿ. 2001ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯಕ್ಕೆ ರಾಜ್ಯವೇ ಯಂತ್ರದ ಮೂಲಕ ಮತ ಹಾಕತಕ್ಕದ್ದೆಂದು ಚುನಾವಣಾ ಆಯೋಗವು ನಿಶ್ಚಯಿಸಲು, ಜಯಲಲಿತಾ ಅವರ ಅಣ್ಣಾ ಡಿಎಂಕೆ ಪಕ್ಷವು ಇದನ್ನು ನಂಬಲಾಗದೆಂದು ಮದರಾಸು ಹೈಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್ ತಿಂಗಳಲ್ಲಿ ಹೈಕೋರ್ಟು ಯಂತ್ರದ ಪರವಾಗಿ ತೀರ್ಪಿತ್ತಿತು, ಸುಪ್ರೀಂ ಕೋರ್ಟಿನಲ್ಲಿಯೂ ಪಕ್ಷಕ್ಕೆ ಫಲ ಸಿಗಲಿಲ್ಲ. ಮೇ ತಿಂಗಳಲ್ಲಿ ಅದೇ ಅವಿಶ್ವಸನೀಯ ಯಂತ್ರವು 234 ಸ್ಥಾನಗಳ ಪೈಕಿ 132ನ್ನು ಅದೇ ಪಕ್ಷದ ಮಡಿಲಿಗೆ ಹಾಕಿತು! ಅಂದಿನಿಂದ ಇಂದಿನವರೆಗೆ ಸೋತವರಿಗೆ ಯಂತ್ರ ಮೋಸಗಾರ, ಗೆದ್ದವರಿಗೆ ಪರಮ ಸಾಧು.

ಆದರೆ ಸಂದೇಹಗಳೆಲ್ಲ ಸೋತವರ ಗೋಳೆನ್ನುವುದು ಅನ್ಯಾಯ. ಯಂತ್ರವು ಕೈಗೆ ಸಿಕ್ಕರೆ ಅದರ ಅಂಗಗಳನ್ನೇ ಬದಲಿಸಬಹುದೆಂದು 2010ರಲ್ಲಿ ತಂತ್ರಜ್ಞ ಹರಿಪ್ರಸಾದ್ ಮತ್ತು ಅವರ ವಿದೇಶೀ ಸಂಗಡಿಗರು ತೋರಿಸಿಕೊಟ್ಟರು. ಐಐಟಿ ಮದ್ರಾಸಿನ ನಿರ್ದೇಶಕರಾಗಿದ್ದ ಪಿ.ವಿ. ಇಂದಿರೇಶನ್ ಅವರ ತಜ್ಞ ಸಮಿತಿಯ ಶಿಫಾರಸು, ಮೈಲಾಪುರದಲ್ಲಿ ಹುಟ್ಟಿದ ಸುಬ್ರಮಣಿಯನ್ ಸ್ವಾಮಿಯವರ ಮೊಕದ್ದಮೆ, ಇವುಗಳ ಪರಿಣಾಮವಾಗಿ, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಬಂದಿತು. 2014ರಲ್ಲಿ ಅದನ್ನಿಟ್ಟ ಎಂಟು ಲೋಕಸಭಾ ಕ್ಷೇತ್ರಗಳಲ್ಲಿ ಬೆಂಗಳೂರು ದಕ್ಷಿಣವೂ ಚೆನ್ನೈ ಸೆಂಟ್ರಲ್ಲೂ ಇದ್ದವು. ಏಳು ಸೆಕೆಂಡುಗಳ ಕಾಲ ಗಾಜಿನ ಹಿಂದೆ ಚೀಟಿ ಕಾಣಿಸಿ ಡಬ್ಬಕ್ಕೆ ಬೀಳುವುದನ್ನು ನೋಡಿ ಮತದಾರನಿಗೆ ಧೈರ್ಯ ಬಂದುದು ಹೌದು. ಆದರೆ ಚಿಹ್ನೆಗಳನ್ನು ಹೊರಗಿನಿಂದ ತಂದು ತುಂಬುವ ಕ್ರಮವೂ ಅದರೊಂದಿಗೆ ಒಳಬಂದು, ಪೂರ್ವದ ಜಡತ್ವದ ಶುದ್ಧಿ ಅಷ್ಟರಮಟ್ಟಿಗೆ ಕೆಟ್ಟಿತೆಂದು ನನಗೆ ಕಸಿವಿಸಿ.

2024ರ ಜನವರಿಯಲ್ಲಿ, ಐದೂವರೆ ವರ್ಷ ಹಿಂದೆ ತೀರಿಕೊಂಡ ಕರುಣಾನಿಧಿಯವರು ಕೃತಕ ಬುದ್ಧಿಮತ್ತೆಯ ಕೃಪೆಯಿಂದ ಸಭೆಯೊಂದರ ಪರದೆಯ ಮೇಲೆ ಭಾಷಣ ಮಾಡಿದರು. ಫೆಬ್ರುವರಿಯಲ್ಲಿ ಜಯಲಲಿತಾ ಅವರ ಧ್ವನಿಯೂ ಎದ್ದುಬಂದಿತು. ಜೀವಾನನ್ನು ಸೃಷ್ಟಿಸಿದಾತ ಇದನ್ನು ಕಂಡಿದ್ದರೆ ಬೆರಗಾಗುತ್ತಿರಲಿಲ್ಲ. ಪ್ರಚಾರದ ವೇದಿಕೆ ಹತ್ತಿದ ಈ ಬುದ್ಧಿಗೆ ಮತ ಎಣಿಸುವ ಮೇಜು ಬಹು ದೂರವಲ್ಲ. ಅದೇ ವರ್ಷ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಾಗದದ ಮತಪತ್ರಕ್ಕೆ ಮರಳಲು ಒಪ್ಪದೆ, ವಿವಿಪ್ಯಾಟ್ ಚೀಟಿಗಳನ್ನು ಯಂತ್ರದಿಂದ ಎಣಿಸಬಹುದೆ, ಚಿಹ್ನೆಯ ಜೊತೆಗೆ ಬಾರ್‌ಕೋಡ್ ಮುದ್ರಿಸಬಹುದೆ ಎಂಬುದನ್ನು ಪರಿಶೀಲಿಸಲು ಆಯೋಗಕ್ಕೆ ಸೂಚಿಸಿತು. ಬಾರ್‌ಕೋಡ್ ಓದುವುದು ಮಂದಮತಿಯ ಕೆಲಸವೇ; ಆದರೆ ಮಸುಕಾದ ಚೀಟಿಯ ಚಿಹ್ನೆಯನ್ನು ಇಂಥದೇ ಎಂದು ಊಹಿಸುವ ಯಂತ್ರವನ್ನು ಅಲ್ಲಿ ಕೂರಿಸಿದರೆ, ಎಣಿಸುವವನು ನಿರ್ಣಯಿಸುವವನೇ ಆಗಿಬಿಡುತ್ತಾನೆ.

ಅಮೆರಿಕದ ಅರಿಜೋನಾದಲ್ಲಿ ಮತಪತ್ರ ಸಂಸ್ಕರಿಸುವ ಯಂತ್ರಗಳಲ್ಲಿ ಕೃತಕ ಬುದ್ಧಿಮತ್ತೆ ಕೂಡದೆಂಬ ಮಸೂದೆ 2023ರಲ್ಲಿ ಶಾಸನಸಭೆಯನ್ನು ದಾಟಿ, ಗವರ್ನರ್ ಕೇಟಿ ಹಾಬ್ಸ್ ಅವರ ನಿರಾಕರಣೆಯಿಂದ ಬಿದ್ದುಹೋಯಿತು. ನಮ್ಮಲ್ಲಿ 61ಎ ಪ್ರಕರಣವು ಮತ ನೀಡಲು ಅಥವಾ ದಾಖಲಿಸಲು ಬಳಸುವ ಯಾವುದೇ ಉಪಕರಣವನ್ನೂ ಮತಯಂತ್ರವೆನ್ನುತ್ತದೆ. ಚುನಾವಣೆ ನಡೆಸುವ ನಿಯಮಾವಳಿಯ ನಿಯಮ 49ಎ ಅದರ ವಿನ್ಯಾಸವನ್ನು ಆಯೋಗದ ಒಪ್ಪಿಗೆಗೆ ಬಿಡುತ್ತದೆ. ಎಂಬತ್ತರ ದಶಕದ ಎಂಜಿನಿಯರರು ಹಾಕಿಕೊಂಡ ಲಕ್ಷ್ಮಣರೇಖೆ ಈಗಲೂ ವಿನ್ಯಾಸದ ನಕ್ಷೆಯಲ್ಲಿದೆಯೇ ಹೊರತು ಕಾಯಿದೆಯ ಪುಟದಲ್ಲಿಲ್ಲ.